ಒಂದು ರಿಂಗಿಗೆ ಇನ್ನೊಂದು ರಿಂಗ್

ಮಹಾರಾಷ್ಟ್ರದ ಜತ್ತದಲ್ಲಿ ಬಸ್ಸಿಳಿದಾಗ ಬೋರ್ಡೆಲ್ಲ ಮರಾಠಿ, ಬಾಯೆಲ್ಲ ಕನ್ನಡ. ಆ ಕನ್ನಡವೂ ಮಂಡ್ಯದವಳಾದ ನನಗೆ ಅರ್ಧ ತಿಳಿಯಲಿಲ್ಲ. “ಬರ್ರಿ, ಕುಂದ್ರಿ” ಎಂದರೆ ಬೈಯುತ್ತಿದ್ದಾರೇನೋ ಅಂತ ಹೆದರಿದೆ, ನೋಡಿ!

ಗುಂಡಿ ಒತ್ತುವ ಫೋನುಗಳ ಕಾಲ. ಹಳ್ಳಿಯ ನರ್ಸ್ ಗುಂಡಿ ಒತ್ತಿದರೆ ಹೆರಿಗೆ ಸುದ್ದಿ ಜತ್ತದ ಕಂಪ್ಯೂಟರಿಗೆ ಬರಬೇಕು, ಜೀಪು ಹೊರಡಬೇಕು. ಅಂಥ ಫೋನ್ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ನೆಟ್‌ವರ್ಕ್ ಮೂಲಕ ಮಾಹಿತಿ ಕಳಿಸುವುದನ್ನು ಆಗಷ್ಟೇ ಕಲಿಯುತ್ತಿದ್ದೆ.

ಬಾಡಿಗೆಗಿದ್ದದ್ದು ಖಾಲಾ ಮನೆಯಲ್ಲಿ. ಖಾಲಾ ಎಂದರೆ ಚಿಕ್ಕಮ್ಮ. ಓಣಿಗೆಲ್ಲ ಅವರು ಖಾಲಾನೇ. ಮುದ್ದೆ ನೆನೆದು ಅಳುತ್ತಿದ್ದ ನನಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು. ಮಗಳು ನಸೀಮಾಳನ್ನು ಜತ್ತದಾಚೆಯ ಸೋನ್ಯಾಳ ಹಳ್ಳಿಗೆ ಕೊಟ್ಟಿದ್ದರು. ತವರಿಗೆ ಬಂದು ಹೋದಾಗಲೆಲ್ಲ ಅವಳು ಊರು ಮುಟ್ಟಿ ಒಂದು ರಿಂಗ್ ಕೊಟ್ಟು ಕಟ್ ಮಾಡುವಳು. ಖಾಲಾ ತಿರುಗಿ ಒಂದು ರಿಂಗ್ ಕೊಡುವರು.

“ಅವಳು ಮುಟ್ಟಿದ್ದು ಗೊತ್ತಾಯ್ತಲ್ಲ ಖಾಲಾ, ನೀವ್ಯಾಕೆ ಮತ್ತೆ ಕೊಡೋದು?”

“ನನಗ ಗೊತ್ತಾತು ಅಂತ ಆಕಿಗೆ ಹೆಂಗ ಗೊತ್ತಾಗಬೇಕು?”

ನಾನು ನಕ್ಕೆ. ಕಲಿತವಳಲ್ಲವೇ!

ನನ್ನ ಪ್ರೋಗ್ರಾಂ ಸುದ್ದಿಯನ್ನು ಫೋನಿನಿಂದಾಚೆ ತಳ್ಳಿದ ಕೂಡಲೇ ‘ಕಳಿಸಲಾಗಿದೆ’ ಎಂದು ತೋರಿಸುತ್ತಿತ್ತು. ಅತ್ತ ಮುಟ್ಟಿತೇ ಎಂದು ಕೇಳುವ ಸಾಲನ್ನು ನಾನು ಬರೆದೇ ಇರಲಿಲ್ಲ. ಜತ್ತದ ಟವರಿನ ಬುಡದಲ್ಲಿ ಕೂತು ಪರೀಕ್ಷಿಸಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ಸೋನ್ಯಾಳದಲ್ಲಿ ರೇಂಜ್, ಅಂದರೆ ಸಿಗ್ನಲ್, ಬಂದು ಬಂದು ಹೋಗುತ್ತಿತ್ತು; ಅದನ್ನು ನಾನು ಯಾರನ್ನೂ ಕೇಳಿ ತಿಳಿದಿರಲಿಲ್ಲ.

ನಸೀಮಾ ಮುಂದಿನ ವಾರ ಹೆರಿಗೆಗೆ ತವರಿಗೆ ಬರುವವಳಿದ್ದಳು. ನೋವು ಮೊದಲೇ ಬಂತು. ನರ್ಸ್ ಗುಂಡಿ ಒತ್ತಿದಳು, ‘ಕಳಿಸಲಾಗಿದೆ’ ನೋಡಿದಳು, ಜೀಪಿನ ದಾರಿ ಕಾದಳು. ಸುದ್ದಿ ಜತ್ತಕ್ಕೆ ಬರಲೇ ಇಲ್ಲ. ಕೊನೆಗೆ ಯಾರೋ ಮೋಟರ್‌ಸೈಕಲ್ಲಿನಲ್ಲಿ ಬಂದು ಹೇಳಿದರು. ನಸೀಮಾ ಉಳಿದಳು. ಕೂಸು ಉಳಿಯಲಿಲ್ಲ.

“ತಪ್ಪು ನನ್ನದು, ಖಾಲಾ” ಎಂದು ಎಲ್ಲ ಬಿಡಿಸಿ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಖಾಲಾ ತಮ್ಮ ಫೋನು ಕೈಗೆತ್ತಿಕೊಂಡರು.

“ನಾವು ಒಂದ್ ರಿಂಗ್ ಕೊಟ್ರ, ಆ ಕಡಿಂದ ರಿಂಗ್ ಬರೂತನಕ ಕುಂತಿರ್ತೀವಿ. ನಿನ್ನ ಮಶೀನ ಯಾಕ ಕುಂದ್ರಲಿಲ್ಲ, ಬೇಟಿ?”

ಪ್ರೋಗ್ರಾಂ ಮತ್ತೆ ಬರೆದೆ. ಈಗ ಜತ್ತದಿಂದ ಉತ್ತರ ಬರುವವರೆಗೆ ಫೋನು ಕಾಯುತ್ತದೆ, ಮತ್ತೆ ಕಳಿಸುತ್ತದೆ, ಆಗದಿದ್ದರೆ ‘ಮುಟ್ಟಿಲ್ಲ’ ಎಂದು ಕೂಗುತ್ತದೆ. ಕರಜಗಿ ಹಳ್ಳಿಯಿಂದ ಬಂದ ಮೊದಲ ಸುದ್ದಿಗೆ ಜೀಪು ಹೊರಟಾಗ ಆಫೀಸಿನಲ್ಲಿ ಚಪ್ಪಾಳೆ ಬಿತ್ತು. ನಾನು ಎದ್ದು ಹೊರಗೆ ಹೋದೆ. ಅತ್ತುಬಿಟ್ಟೆ.

ರಜೆಗೆ ಮಂಡ್ಯಕ್ಕೆ ಬಂದರೆ ನನ್ನ ‘ಭಾಳ’, ‘ಚಲೋ’ ಕೇಳಿ ಮನೆಯವರು ನಗುತ್ತಾರೆ. ಜತ್ತದಲ್ಲಿ ನನ್ನ ‘ಕೂತ್ಕೊಳ್ಳಿ’ಗೆ ಓಣಿಯೇ ನಗುತ್ತದೆ. ಈ ಸಲ ಹೊರಡುವಾಗ ಖಾಲಾ ಬಸ್ಸಿನ ತನಕ ಬಂದರು. “ಮುಟ್ಟಿದ ಕೂಡ್ಲೆ ಒಂದ್ ರಿಂಗ್ ಕೊಡು” ಎಂದರು. ಅದುವರೆಗೆ ಆ ಮಾತು ನಸೀಮಾಳಿಗೆ ಮಾತ್ರ ಹೇಳುತ್ತಿದ್ದರು.

ಮಂಡ್ಯದ ಮನೆಯ ಜಗಲಿ ಮೇಲೆ ಕೂತು ರಿಂಗ್ ಕೊಟ್ಟೆ. ಒಳಗಿಂದ ಅವ್ವ, “ಅಲ್ಲೇ ಯಾಕೆ ಕೂತ್ಕಂಡೆ, ಒಳಕ್ಕೆ ಬಾ” ಎಂದಳು.

“ಬಂದೆ, ತಡಿಯವ್ವ” ಎಂದೆ. ಖಾಲಾರ ರಿಂಗ್ ಬರುವ ತನಕ ನಾನು ಮನೆ ಮುಟ್ಟಿದ ಹಾಗಲ್ಲ.