ಖಾದಿ ಚೀಲದೊಳಗಿನ ಪಿಸ್ತೂಲು

ಮಹದೇವ ಆ ಪಿಸ್ತೂಲನ್ನು ಮುಟ್ಟಿರಲಿಲ್ಲ. ಮುಟ್ಟಿದನೆಂದು ಪೊಲೀಸರಿಗೆ ಹೇಳಿದವನು ನಾನು — ನಡೆದದ್ದನ್ನು ಕಣ್ಣಾರೆ ಕಂಡೂ, ಬೇಕೆಂದೇ ಹೇಳಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಕಾರ್ತಿಕ ಮಾಸ, ಸೋಮವಾರ. ನನ್ನ ದಿನಚರಿ, ಆಸ್ಪತ್ರೆಯ ಚೀಟಿ, ಠಾಣೆಯ ಹೇಳಿಕೆಯ ನಕಲು — ಮೂರನ್ನೂ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಮೂರೂ ಒಂದೇ ದಿನವನ್ನು ಹೇಳುತ್ತವೆ. ಶಾಸನಗಳ ತಿಥಿ-ವಾರಗಳನ್ನು ತಿದ್ದುತ್ತಲೇ ನಿವೃತ್ತನಾದವನನ್ನು ಇದಕ್ಕಿಂತ ರೇಗಿಸುವುದು ಇನ್ನೇನಿದೆ? ದಿನ ಸರಿ, ನಡೆದದ್ದೆಂದು ಬರೆಸಿದ್ದು ಮಾತ್ರ ಸುಳ್ಳು. ಆ ಸುಳ್ಳನ್ನು ಬರೆಸಿದವನೂ ನಾನೇ.

ನನ್ನ ಅಕ್ಕನ ಗಂಡ ಶಿವಬಸಪ್ಪನವರಿಗೆ ತಿ. ನರಸೀಪುರದಲ್ಲಿ ಅಕ್ಕಿ ಗಿರಣಿ. ದಾರಿಯಲ್ಲಿ ಯಾರೋ ಒಮ್ಮೆ ಕಾರನ್ನು ಅಡ್ಡಗಟ್ಟಿದರೆಂದು ಲೈಸೆನ್ಸ್ ಪಡೆದು ಪಿಸ್ತೂಲು ಕೊಂಡರು. ಅಂಗಿಯೊಳಗೆ, ಸೊಂಟದ ಬಳಿ, ಗಟ್ಟಿ ಚರ್ಮದ ಒರೆಯಲ್ಲಿ ಅದು ಇರುತ್ತಿತ್ತು. ಮಾರಿದ ಅಂಗಡಿಯವನು ನನ್ನೆದುರಿಗೇ ಎಚ್ಚರಿಸಿದ್ದ: "ಒರೆ ಟ್ರಿಗರನ್ನ ಪೂರ್ತಿ ಮುಚ್ಚಿರ್ಬೇಕು ಸಾ. ಬರೀದನ್ನ ಸೊಂಟಕ್ಕೆ ಸಿಗಿಸ್ಬ್ಯಾಡಿ, ಜೇಬಿಗಾಕ್ಬ್ಯಾಡಿ. ಬೀಗದ ಕೈ ಗೀಗದ ಕೈ ಇರೋ ಚೀಲದಲ್ಲಂತೂ ಬ್ಯಾಡ್ವೇ ಬ್ಯಾಡ."

ಇಷ್ಟು ನೇರವಾದ ಮಾತು ಇಬ್ಬರ ತಲೆಗೂ ಹೋಗಲಿಲ್ಲ.

ನಮ್ಮದು ಲಿಂಗಪೂಜೆಯ ಮನೆ; ಪೂಜೆಯ ಕೋಣೆಗೆ ಚರ್ಮ ಬರಕೂಡದು. ನಂಜನಗೂಡಿನ ನಮ್ಮ ಮನೆಗೆ ಬಂದಾಗಲೆಲ್ಲ ಭಾವ ಹೊಸ್ತಿಲಲ್ಲಿ ನಿಂತು ಗೊಣಗುವರು. ಒರೆ ಬಿಚ್ಚಲು ಸಿದ್ಧ, ಪಿಸ್ತೂಲನ್ನು ಬಿಟ್ಟಿರಲು ಒಲ್ಲರು. ಗುಂಡು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿ ಎಂದರೆ, "ಬೀರು ಕಾಯಾಕಾ ನಾನು ಪಿಸ್ತೂಲ್ ತಕ್ಕೊಂಡಿರಾದು?" ಎನ್ನುವರು. ನನಗೆ ಸಾಕಾಗಿಹೋಯಿತು. ಬದನವಾಳಿನಿಂದ ಖಾದಿ ಬಟ್ಟೆ ತಂದು, ಸೊಂಟಕ್ಕೆ ಕಟ್ಟುವ ಚೀಲ ಹೊಲಿಸಿಕೊಟ್ಟೆ. "ನೂಲು ಮಡಿ ಭಾವ. ಬಿಗಿಯಾಗಿ ಕಟ್ಟಿಕೊಂಡರೆ ಚರ್ಮದಷ್ಟೇ ಭದ್ರ" ಎಂದೆ. ಯಾವ ಆಧಾರದ ಮೇಲೆ? ಶಿಷ್ಯರ ಪ್ರತಿ ಸಾಲಿಗೂ ಆಧಾರ ಕೇಳುತ್ತಿದ್ದ ನಾನು — ಯಾವ ಆಧಾರವೂ ಇಲ್ಲದೆ.

ಆ ಸೋಮವಾರ ಪೂಜೆ, ಊಟ ಮುಗಿಸಿ ಭಾವ ಕಾರಿನ ಬಳಿ ಬಂದರು. ಡ್ರೈವರ್ ಮಹದೇವ, ಹದಿನಾರು ಎಂಬ ಊರಿನವನು, ಕಾರಿನ ಕೀ ಕೇಳಿದ. ಕೀ ಗೊಂಚಲನ್ನೂ ಅವರು ಆ ಚೀಲಕ್ಕೇ ಹಾಕಿಕೊಂಡಿದ್ದರು! ಕೈಹಾಕಿ ಎಳೆದರು, ಗೊಂಚಲಿನ ಬಳೆ ಟ್ರಿಗರಿಗೆ ಸಿಕ್ಕಿತು. ಗುಂಡು ಏರಿಸಿಯೇ ಇತ್ತು. ಟ್ರಿಗರನ್ನು ತಡೆಹಿಡಿಯುವ ಸೇಫ್ಟಿ ಬಟ್ಟೆಗೆ ಉಜ್ಜಿ ಯಾವಾಗಲೋ ಸರಿದಿತ್ತು. ಗುಂಡು ಚೀಲವನ್ನು ಸೀಳಿ ಮಹದೇವನ ಬಲಪಾದವನ್ನು ತೂರಿಹೋಯಿತು.

"ಲೈಸೆನ್ಸೂ ಓಯ್ತದೆ, ಮಾನಾನೂ ಓಯ್ತದೆ ಕಣಯ್ಯಾ," ಭಾವ ನನ್ನ ಕೈ ಹಿಡಿದರು. "ನೀನು ಓದ್ದೋನು. ನೀನೇಳುದ್ರೆ ನಂಬ್ತಾರೆ."

ಪೊಲೀಸರಿಗೆ ಹೇಳಿದೆ: "ಚೀಲ ಸೀಟಿನ ಮೇಲಿತ್ತು. ಡ್ರೈವರ್ ಕುತೂಹಲಕ್ಕೆ ಕೈ ಹಾಕಿದ."

ಭಾವನ ಮಾನಕ್ಕಾಗಿ ಹೇಳಿದೆನೆಂದು ಬಹುಕಾಲ ನನ್ನನ್ನೇ ನಂಬಿಸಿಕೊಂಡೆ. ಅಲ್ಲ. ನಿಜ ಹೊರಬಿದ್ದರೆ ಚೀಲ ಯಾರ ಸಲಹೆ ಎಂದು ಕೇಳುತ್ತಾರಲ್ಲ — ಆ ಭಯ.

ಆಸ್ಪತ್ರೆಯಲ್ಲಿ ಮಹದೇವ ನನ್ನ ಮುಖವನ್ನೇ ನೋಡಿದ. "ನಾನೆಲ್ಲಿ ಮುಟ್ಟುದ್ನಿ ಸಾ? ನೀವೂ ಅಲ್ಲೇ ನಿಂತಿದ್ರಲ್ಲ."

"ನೋವಿನಲ್ಲಿ ನಿನಗೆ ನೆನಪಿಲ್ಲ, ಬಿಡು" ಎಂದೆ.

ಸುಳ್ಳಿಗಿಂತ ಇದು ಹೀನ. ಕಂಡವನ ನೆನಪನ್ನೇ ಅವನಿಂದ ಕಿತ್ತುಕೊಳ್ಳಲು ನೋಡಿದೆ.

ಭಾವ ಅವನನ್ನು ಕೆಲಸದಿಂದ ಬಿಡಿಸಿದರು. ಗಾಯ ಮಾಗಿದ ಮೇಲೆ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸಿಗಲಿದ್ದ ಡ್ರೈವರ್ ಕೆಲಸವೂ ತಪ್ಪಿತು: ಯಜಮಾನರ ಪಿಸ್ತೂಲಿಗೆ ಕೈ ಹಾಕಿದವನಂತೆ! ಅಲ್ಲಿಂದ ಇಲ್ಲಿಯವರೆಗೆ ಎಂಟು ವರ್ಷ ಅವನು ಊರಿನಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದಾನೆ. ನಾನು ಲೇಖನಗಳ ಅಡಿಟಿಪ್ಪಣಿ ತಿದ್ದುತ್ತಿದ್ದೆ.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಭಾವನಿಗೆ ತೋರಿಸಿದೆ. "ಈಗ್ಯಾಕಯ್ಯಾ ಇದೆಲ್ಲ? ಅವ್ನ ಕಾಲು ನೆಟ್ಟಗಾಯ್ತದಾ?" ಎಂದು ಕನ್ನಡಕ ತೆಗೆದಿಟ್ಟರು. ಅವರೊಡನೆ ವಾದಿಸಿ ಪ್ರಯೋಜನವಿಲ್ಲ. ಹಾಳೆಗಳನ್ನು ಹಿಡಿದು ಹದಿನಾರಿಗೆ ಹೋದೆ.

ಮಹದೇವ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಇದನ್ನು ಓದಿ ಹೇಳಲು ಬಂದೆನೆಂದರೂ ತಲೆಯೆತ್ತಲಿಲ್ಲ. "ಮುಟ್ನಿಲ್ಲ ಅನ್ನಾದು ನಂಗೇ ಗೊತ್ತಲ್ಲ ಸಾ, ನಂಗ್ಯಾಕೆ ಓದೀರಿ? ನಮ್ಮೆಂಗಸ್ರಿಗೆ ಓದಿ. ಅವ್ಳಿಗೆ ಇನ್ನೂ ಒಸಿ ಅನ್ಮಾನ ಅದೆ."

ಒಳಗೆ ಹೋಗಿ ಓದಿದೆ. ಅವನ ಹೆಂಡತಿ ಕೊನೆಯವರೆಗೂ ಕೇಳಿ, ಒಂದೇ ಮಾತು ಆಡಿದಳು: "ಅವತ್ತೇ ಏಳಾಕೇನಾಗಿತ್ತು ನಿಮ್ಗೆ?"

ಠಾಣೆಗೆ ಕೊಡಬೇಕಾದ ಹೊಸ ಹೇಳಿಕೆಯನ್ನು ಅವಳೆದುರೇ ಕೂತು ಬರೆದೆ. ತಪ್ಪಿತಸ್ಥರ ಜಾಗದಲ್ಲಿ ಭಾವನ ಹೆಸರಿಗಿಂತ ಮೊದಲು ನನ್ನ ಹೆಸರನ್ನು ಹಾಕಿದ್ದೇನೆ.