ದಲ್ಸುವಿನ ಕೈರುಚಿ

ಹಂದಿಯ ಬೆನ್ನೆಲುಬನ್ನು ಸೀಳುವಾಗ ಮಚ್ಚು ಒಂದು ಕಡೆ ನಿಲ್ಲುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಮಾಂಸ ಮುಗಿದು ಎಲುಬು ಸಿಕ್ಕುವ ಜಾಗ ಅದು. ಅಲ್ಲಿ ಕೈ ತಡೆದು, ಭಾರ ಹಾಕಿ, ಮುಂದಕ್ಕೆ ಬಿಟ್ಟರೆ ಎಲುಬು ಟಕ್ಕೆಂದು ಬಾಯಿ ಬಿಡುತ್ತದೆ. ಸಿಯೋಲ್ ನಗರದ ಮಾಜಂಗ್ ಮಾಂಸದ ಪೇಟೆಯಲ್ಲಿ ಮೂವತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದ ಮಾ ದಲ್ಸು ಆ ತಡೆಗೆ ಕೈರುಚಿ ಎನ್ನುತ್ತಿದ್ದ. ಸಾರು ಮಾಡುವವಳಿಗೆ ಕೈರುಚಿ ಇರುತ್ತದೆ, ಗಾಳ ಹಾಕುವವನಿಗೆ ಇರುತ್ತದೆ, ಕಟುಕನಿಗೆ ಮಾತ್ರ ಯಾಕಿರಬಾರದು?

'ಕಬ್ಬಿಣ ಕಣಿವೆ' ಎಂಬ ಕಂಪ್ಯೂಟರ್ ಆಟಕ್ಕೆ ಅವನು ಹದಿನಾರು ವರ್ಷ ಅಂಟಿಕೊಂಡದ್ದು ಈ ರುಚಿಗೇ. ಅದರಲ್ಲಿ ಕತ್ತಿ ರಾಕ್ಷಸನ ಹೆಗಲಿಗೆ ಬಿದ್ದರೆ ಇಡೀ ಪರದೆ ಒಂದು ಕ್ಷಣ ಗಕ್ಕನೆ ನಿಲ್ಲುತ್ತಿತ್ತು. ಆಮೇಲೆ ಹೆಗಲು ಸೀಳಿ, ಪಕ್ಕೆ ಸೀಳಿ, ರಕ್ತ ಕೋಟೆಗೋಡೆಯ ಮೇಲೆ ಹಾರುತ್ತಿತ್ತು. ಇದನ್ನು ಮಾಡಿದವನು ಯಾರೇ ಆಗಿರಲಿ, ಒಂದು ದಿನವಾದರೂ ಮೂಳೆ ಕಡಿದಿರಬೇಕು ಎಂದು ದಲ್ಸು ನಂಬಿದ್ದ.

ಪೇಟೆಯ ಹಿಂದಿನ ಗಲ್ಲಿಯಲ್ಲಿ ನಲವತ್ತು ಕಂಪ್ಯೂಟರ್ ಇಟ್ಟುಕೊಂಡು ಆಟದಂಗಡಿ ನಡೆಸುತ್ತಿದ್ದ ಯೊಮ್ ಓಕ್‌ಬುನ್ ಆ ಆಟದೊಳಗಿನ 'ಕೆಂಬಾಗಿಲು' ಪಡೆಯ ನಾಯಕಿ. ಕಟುಕರು, ಕರುಳು ತೊಳೆಯುವವರು, ಮಂಜುಗಡ್ಡೆ ಹೊರುವವರು, ಮಧ್ಯಾಹ್ನ ಕೆಲಸ ಮುಗಿಸಿ ಮೈತುಂಬ ರಕ್ತದ ವಾಸನೆ ಹೊತ್ತು ಬಂದು ಅಲ್ಲೇ ಕೂರುತ್ತಿದ್ದರು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಕೋಟೆ ಕಾಳಗ. ಕೋಟೆ ಬಾಗಿಲಿಗೆ ಅಡ್ಡ ನಿಲ್ಲುವ ಕೆಲಸ ದಲ್ಸುವಿನದು. ಆಟದಲ್ಲಿ ಅವನ ಹೆಸರು 'ಕಲ್ಗೋಡೆ'. ಗರಗಸ ಕಚ್ಚಿ ಬಲಗೈಯ ಎರಡು ಬೆರಳು ಸೆಟೆದು ಹತ್ತು ವರ್ಷವಾಗಿತ್ತು, ಆದರೆ ಅಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಗುರಾಣಿ ಎತ್ತು, ಕಾಯಿ, ಹೊಡಿ. ಒಂದು ಗುಂಡಿ ಸಾಕು. ನಲವತ್ತು ಜನ ಅವನನ್ನು ಅಣ್ಣ ಎಂದು ಕರೆಯುತ್ತಿದ್ದರು. ಮಾಂಸದಂಗಡಿಯಲ್ಲಿ ಮಾಲೀಕ ಅವನನ್ನು "ಏಯ್" ಎನ್ನುತ್ತಿದ್ದ, ಮನೆಯಲ್ಲಿ ಹೆಂಡತಿ ಅಷ್ಟೂ ಕರೆಯುತ್ತಿರಲಿಲ್ಲ. ಐವತ್ತೆಂಟರ ಆ ಗಂಡಸಿಗೆ ಮರ್ಯಾದೆ ಅಂತ ಇದ್ದದ್ದು ಆ ಬಾಗಿಲಲ್ಲಿ.

ಆಮೇಲೆ ಆಟದ ಎರಡನೆಯ ಭಾಗ ಬಂತು, ಹಾಳಾಗಿ ಹೋಗಲಿ. ಹಳೆಯದನ್ನು ಮುಚ್ಚಿದರು, ಎಲ್ಲರೂ ಹೊಸದಕ್ಕೆ ಬರಬೇಕಾಯಿತು. ಹೊಸದರಲ್ಲಿ ಕತ್ತಿ ಎಲ್ಲೂ ನಿಲ್ಲುವುದಿಲ್ಲ. ಬೀಸಿದರೆ ಬೀಸಣಿಗೆಯ ಹಾಗೆ ಸುಯ್ಯೆಂದು ಹೋಗುತ್ತದೆ, ರಾಕ್ಷಸ ತನ್ನ ಪಾಡಿಗೆ ಸಾಯುತ್ತಾನೆ. ಗುರಾಣಿ ಎರಡು ಏಟಿಗೆ ಒಡೆಯುತ್ತದೆ. ಉರುಳಬೇಕು, ಜಿಗಿಯಬೇಕು, ಬೆನ್ನ ಹಿಂದೆ ಹೋಗಿ ಇರಿಯಬೇಕು. ಅದಕ್ಕೆ ಐದು ಗುಂಡಿ, ಐದು ಬೆರಳು.

ಆಟಗಾರರೇನು ಸುಮ್ಮನಿರುವ ಜನವೇ? ಚಂದಾ ಎತ್ತಿ ದೊಡ್ಡ ಪರದೆಯ ಲಾರಿ ಗೊತ್ತುಮಾಡಿ ಆಟ ಮಾಡಿದ ಕಂಪನಿಯ ಕಟ್ಟಡದ ಸುತ್ತ ಮೂರು ದಿನ ಸುತ್ತಿಸಿದರು. 'ನಮಗೆ ಕತ್ತಿ ಕೊಡಿ, ಬೀಸಣಿಗೆ ನೀವೇ ಇಟ್ಟುಕೊಳ್ಳಿ' ಎಂದು ಅದರ ಮೇಲೆ ಓಡುತ್ತಿತ್ತು. ಸಾವಿನ ಮನೆಗೆ ಕಳಿಸುವ ಬಿಳಿ ಸೇವಂತಿಗೆಯ ಹೂಚಕ್ರಗಳನ್ನು ಬಾಗಿಲಿಗೆ ಸಾಲಾಗಿ ನಿಲ್ಲಿಸಿದರು. ದಲ್ಸು ಒಂದು ಹಂದಿತಲೆ ಒಯ್ದ. ಹೊಸ ಕೆಲಸದ ಪೂಜೆಗೆ ಬಾಯಿ ನಗುವ ತಲೆಯನ್ನು ಆರಿಸಿ ಇಡುವುದು ನಮ್ಮ ಪದ್ಧತಿ. ಇವನು ಮೂತಿಯನ್ನು ಎರಡು ಸೀಳು ಮಾಡಿ ಇಟ್ಟು ಬಂದ. ಕಂಪನಿ ನಾಲ್ಕು ಸಾಲಿನ ಕ್ಷಮಾಪಣೆ ಹಾಕಿತು: ತಲೆಬಾಗಿ ಕೇಳಿಸಿಕೊಳ್ಳುತ್ತಿದ್ದೇವೆ. ಕೇಳಿಸಿಕೊಂಡರಂತೆ, ಪಾಪ.

ಹೊಸ ಆಟ ಬಂದ ಮೂರನೆಯ ವಾರಕ್ಕೆ ನಡೆದ ಮೊದಲ ಕೋಟೆ ಕಾಳಗದಲ್ಲಿ ದಲ್ಸು ಹಳೆಯ ಅಭ್ಯಾಸದಂತೆ ಗುರಾಣಿ ಎತ್ತಿ ಬಾಗಿಲಲ್ಲಿ ನಿಂತ. ಮೊದಲ ನಿಮಿಷದಲ್ಲೇ ಅವನ ಎದೆಯಲ್ಲಿ ಮೂರು ಭರ್ಜಿ. ಎದ್ದು ಬಂದ, ಗಂಟಲು ಕೊಯ್ದರು. ಮತ್ತೆ ಬಂದ, ಕುದುರೆ ತುಳಿಸಿದರು. ಒಂಬತ್ತು ಸಲ ಸತ್ತ. ಬಾಗಿಲು ಮುರಿದು ಶತ್ರುಗಳು ಒಳನುಗ್ಗಿ, ಪಡೆಯ ಒಬ್ಬೊಬ್ಬರನ್ನೂ ಮೂಲೆಗೆ ಒತ್ತಿ ಕಡಿದರು. ಐದು ಗಂಟೆ ಹೊಡೆದದ್ದಕ್ಕೆ ಕೋಟೆ ಹೇಗೋ ಉಳಿಯಿತು.

ಆಗ ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು. ಬರೆದವನು 'ಒದ್ದೆಕಾಲುಚೀಲ'. ಹೊಸ ಆಟ ಶುರುವಾದ ಮೇಲೆ ಎಲ್ಲಿಂದಲೋ ಬಂದು ಪಡೆ ಸೇರಿದವನು, ಯಾರೂ ಅವನ ಮುಖ ನೋಡಿಲ್ಲ, ದನಿ ಕೇಳಿಲ್ಲ.

"ಕಲ್ಗೋಡೆ, ಬಾಗಿಲು ನನಗೆ ಬಿಡು. ಆಟ ಕೆಟ್ಟಿಲ್ಲ. ನೀನು ಕಾಲೇ ಎತ್ತಲ್ಲ."

ಬಿಡು. ನೀನು. ನಮ್ಮ ಜನ ಏನು ಬೇಕಾದರೂ ಸಹಿಸುತ್ತಾರೆ, ಗುರುತಿಲ್ಲದವನ ಏಕವಚನವನ್ನು ಸಹಿಸುವುದಿಲ್ಲ. ಎರಡು ಕಾರು ಉಜ್ಜಿಕೊಂಡರೂ ಯಾರ ತಪ್ಪು ಎಂದು ನೋಡುವುದಕ್ಕೆ ಮುಂಚೆ ಒಂದು ಪ್ರಶ್ನೆ ಏಳುತ್ತದೆ. ದಲ್ಸು ಅದನ್ನೇ ಕುಟ್ಟಿದ: "ನಿನಗೆ ವಯಸ್ಸೆಷ್ಟೋ?"

"ನಿನಗಿಂತ ಜಾಸ್ತಿ."

ಆಟದಂಗಡಿಯಲ್ಲಿ ಅಷ್ಟೂ ಜನ ಗೊಳ್ಳೆಂದು ನಕ್ಕರು. ಕರುಳು ತೊಳೆಯುವವನೊಬ್ಬ ತಿನ್ನುತ್ತಿದ್ದ ನೂಡಲ್ಸ್ ಉಗುಳಿ ನಕ್ಕ. ದಲ್ಸುವಿನ ಕಿವಿಯವರೆಗೂ ಉರಿ ಹತ್ತಿತು.

ಓಕ್‌ಬುನ್ ಕುರ್ಚಿ ಎಳೆದುಕೊಂಡು ಪಕ್ಕ ಬಂದು ಕೂತಳು. "ಅಣ್ಣ, ಬೇಜಾರು ಮಾಡ್ಕೋಬೇಡಿ. ಬರೋ ಭಾನುವಾರ ಒಂದೇ ಒಂದು ಸಲ ಅವನು ನಿಲ್ಲಲಿ."

"ಹದಿನಾರು ವರ್ಷ ನಿಂತಿದೀನಮ್ಮ."

"ಗೊತ್ತಣ್ಣ. ಆದ್ರೆ ಕೋಟೆ ಹೋದ್ರೆ ಪಡೇನೇ ಒಡೆದುಹೋಗುತ್ತೆ. ಅವನು ನಿಮಗೆ ಕಲಿಸ್ತಾನಂತೆ. ಕೇಳಿ ನೋಡಿ."

ಕಲಿಸುತ್ತಾನಂತೆ! ಮಂಗಳವಾರ ಮಧ್ಯಾಹ್ನ ಖಾಲಿ ಬಯಲಿನಲ್ಲಿ ಇಬ್ಬರೇ ಎದುರಾದರು. ಒದ್ದೆಕಾಲುಚೀಲ ಉರುಳಿ ಬಂದು ದಲ್ಸುವಿನ ಮೊಣಕಾಲಿನ ಹಿಂದೆ ಕಡಿದ. ದಲ್ಸು ಬಿದ್ದ. "ಏಳು" ಎಂದು ಎದುರಾಳಿ ಬರೆದ. ದಲ್ಸು ಎದ್ದ, ಈ ಸಲ ಅವನು ದಲ್ಸುವಿನ ಹೊಟ್ಟೆ ಬಗೆದ. "ಏಳು." ತಲೆ ಹಾರಿಸಿದ. "ಏಳು." ಹದಿನಾಲ್ಕು ಸಲ. ಸೆಟೆದ ಬೆರಳುಗಳನ್ನು ಗುಂಡಿಗೆ ಒತ್ತಿ ಒತ್ತಿ ಉಗುರಿನ ಬುಡದಲ್ಲಿ ರಕ್ತ ಬಂದಿತ್ತು. ಹದಿನೈದನೆಯ "ಏಳು" ಓದಿದಾಗ ದಲ್ಸುವಿನ ತಲೆಯಲ್ಲಿ ಏನೋ ಕಿತ್ತುಹೋಯಿತು.

"ಗಂಡಸಾದ್ರೆ ಪರದೆ ಬಿಟ್ಟು ಹೊರಗೆ ಬಾ. ಮಾಜಂಗ್ ಪೇಟೆ, ಪಶ್ಚಿಮ ಬಾಗಿಲು. ನಾಳೆ ಮೂರು ಗಂಟೆ."

ಇದಕ್ಕೆ ನಮ್ಮ ಹುಡುಗರು ಹ್ಯೊನ್‌ಪಿ ಅನ್ನುತ್ತಾರೆ. ಆಟದ ಜಗಳವನ್ನು ಬೀದಿಗೆ ತಂದು ನಿಜವಾದ ಮೂಗು ಒಡೆಯುವುದು. ಹತ್ತರಲ್ಲಿ ಒಂಬತ್ತು ಸಲ ಯಾರೂ ಬರುವುದಿಲ್ಲ.

"ಬರ್ತೀನಿ" ಎಂದು ಬಂತು ಉತ್ತರ.

ಬುಧವಾರ ದಲ್ಸು ಮಚ್ಚನ್ನೂ ಎಲುಬು ಬಿಡಿಸುವ ಚೂರಿಯನ್ನೂ ಅಂಗಡಿಯಲ್ಲೇ ಬಿಟ್ಟು ಹೊರಟ. ತಾನು ಎಷ್ಟು ದೊಡ್ಡ ಮನುಷ್ಯ ಎಂದು ಅದಕ್ಕೆ ಒಳಗೊಳಗೇ ಹೆಮ್ಮೆಪಟ್ಟುಕೊಂಡ. ಪಶ್ಚಿಮ ಬಾಗಿಲಿನ ನೆಲವನ್ನು ಆಗಷ್ಟೇ ತೊಳೆದಿದ್ದರು, ರಕ್ತ ಕಲೆತ ನೀರು ಇಳಿಜಾರಿನಲ್ಲಿ ಮೋರಿಗೆ ಹರಿಯುತ್ತಿತ್ತು. ಊಟ ತಲುಪಿಸುವವರ ಜಾಕೆಟ್ ತೊಟ್ಟ ಸಣಕಲ ಆಸಾಮಿಯೊಬ್ಬ ಸ್ಕೂಟರ್ ನಿಲ್ಲಿಸಿದ. ತಲೆಗೆ ಹೆಲ್ಮೆಟ್, ಮುಖಕ್ಕೆ ಕರೀ ಮಾಸ್ಕ್, ಕೈಯಲ್ಲಿ ಒಂದು ರಟ್ಟಿನ ಡಬ್ಬಿ. ಹೆಲ್ಮೆಟ್ ತೆಗೆದು ಹಿಡಿಗೆ ಸಿಕ್ಕಿಸುತ್ತ ಕೇಳಿದ.

"ಕಲ್ಗೋಡೆ ನೀನೇನಾ?"

ಮತ್ತೆ ನೀನು.

ದಲ್ಸು ಕೊಟ್ಟ ಉತ್ತರ ಎಡಗೈಯ ಮುಷ್ಟಿ. ಅರ್ಧ ಹಂದಿಯನ್ನು ಒಂದೇ ಕೈಯಲ್ಲಿ ಕೊಕ್ಕೆಗೆ ಏರಿಸುವ ತೋಳು ಅದು. ಮುಷ್ಟಿ ದವಡೆಗೆ ತಾಗಿ ಒಂದು ಕ್ಷಣ ಅಲ್ಲೇ ನಿಂತಿತು, ಮಾಂಸ ಮುಗಿದು ಎಲುಬು ಸಿಕ್ಕ ಜಾಗದಲ್ಲಿ, ಆಮೇಲೆ ಮುಂದಕ್ಕೆ ಹೋಯಿತು. ಮೂರು ವಾರದಿಂದ ಅವನು ಹುಡುಕುತ್ತಿದ್ದದ್ದು ಅದೇ. ನಿಜ ಹೇಳಬೇಕೆಂದರೆ ದಲ್ಸುವಿಗೆ ಖುಷಿಯಾಯಿತು, ಮೈ ಜುಮ್ಮೆನ್ನುವಷ್ಟು ಖುಷಿ. ಆ ಖುಷಿಗೇ ಎರಡನೆಯದು ಹೊಡೆದ, ಪಕ್ಕೆಗೆ. ಮೂರನೆಯದು ಕಿವಿಯ ಮೇಲೆ. ಡಬ್ಬಿ ಕೆಳಗೆ ಬಿದ್ದು ಒಳಗಿನ ಬಾಟಲಿಗಳು ಚೂರಾದವು. ಯಾರನ್ನಾದರೂ ನೋಡಲು ಹೋಗುವಾಗ ಕೊಂಡೊಯ್ಯುವ ಶಕ್ತಿಯ ಟಾನಿಕ್, ಹತ್ತು ಬಾಟಲಿ. ಹಳದಿ ನೀರು ಕೆಂಪು ನೀರಿಗೆ ಸೇರಿತು. ಮನುಷ್ಯ ಜಾರಿ ಬಿದ್ದ, ಕೈ ಮೈಯಡಿ ಸಿಕ್ಕಿತು. ಅದು ಮಣಿಕಟ್ಟು ಮುರಿದ ಸದ್ದು ಎಂದು ದಲ್ಸುವಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಒದೆಯಲು ಕಾಲೆತ್ತಿದವನು ಕೆಳಗೆ ನೋಡಿದ. ಮಾಸ್ಕ್ ಕಿತ್ತುಬಂದಿತ್ತು. ಇಳಿಜಾರಿನ ನೀರಿನಲ್ಲಿ ಒಂದು ಕಟ್ಟುಹಲ್ಲಿನ ಸೆಟ್ಟು, ಎರಡು ತುಂಡಾಗಿ, ನಿಧಾನಕ್ಕೆ ಮೋರಿಯ ಕಡೆ ಸಾಗುತ್ತಿತ್ತು. ಬಿದ್ದವನ ಗಲ್ಲದ ಮೇಲೆ ಬಿಳಿ ಕುರುಚಲು ಗಡ್ಡ. ಬಾಯಿ ಒಳಕ್ಕೆ ಕುಸಿದಿತ್ತು.

ಮಂಜುಗಡ್ಡೆ ಅಂಗಡಿಯವರು ಫೋನು ಮಾಡಿದ್ದರು. ಹತ್ತಿರದ ಚೌಕಿಯ ಪೊಲೀಸಿನವನು ಇಬ್ಬರ ಗುರುತಿನ ಚೀಟಿಯನ್ನೂ ಮೇಜಿನ ಮೇಲೆ ಜೋಡಿಸಿಟ್ಟ. ಹುಟ್ಟಿದ ವರ್ಷ ಸಂಖ್ಯೆಯ ಮೊದಲಿಗೇ ಇರುತ್ತದೆ. ದಲ್ಸುವಿನದು ಅರವತ್ತಾರನೇ ಇಸವಿ. ಪ್ಯೊ ಇಲ್‌ಗ್ವೊನ್ ಎಂಬ ಆ ಇನ್ನೊಬ್ಬನದು ಅರವತ್ತೊಂದು.

"ಏನ್ರೀ ಇದು," ಎಂದ ಪೊಲೀಸಿನವನು. "ಇವರು ನಿಮಗಿಂತ ಐದು ವರ್ಷ ದೊಡ್ಡೋರು. ಇವರ ಮೇಲೆ ಕೈ ಮಾಡಿದ್ರಾ?"

ಇಲ್‌ಗ್ವೊನ್ ಕರವಸ್ತ್ರದಲ್ಲಿ ಬಾಯಿ ಒತ್ತಿಕೊಂಡು ತೊದಲಿದ. "ಇವನು ಹೊಡೀಲಿಲ್ಲ. ನಾನೇ ಜಾರಿ ಬಿದ್ದೆ."

ದಲ್ಸು ಚೌಕಿಯ ನೆಲದ ಮೇಲೆ ಮಂಡಿಯೂರಿದ. ಆ ಮನುಷ್ಯ ಆಡಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ವಯಸ್ಸು ಜಾಸ್ತಿ ಅಂದ, ಜಾಸ್ತಿಯೇ ಇತ್ತು. ನೀನು ಅಂದ, ಅನ್ನುವ ಹಕ್ಕಿತ್ತು. ಅರವತ್ತಮೂರರ ಕೈ ಆ ಐದು ಗುಂಡಿಗಳನ್ನು ಕಲಿತಿತ್ತು. ಈ ಆಟ ಹುಡುಗರಿಗೆ ಮಾಡಿದ್ದು ಎಂದು ಮೂರು ವಾರದಿಂದ ಕಂಡಕಂಡವರ ಮುಂದೆ ದಲ್ಸು ಕೂಗಾಡಿದ್ದೆಲ್ಲ ಸುಳ್ಳಾಗಿತ್ತು.

"ಅಣ್ಣಾ," ಎಂದ. ಹಣೆಯನ್ನು ನೆಲಕ್ಕೆ ಹಚ್ಚಿದ.

"ಏಳು, ಏಳು," ಎಂದ ಇಲ್‌ಗ್ವೊನ್. "ನಿನ್ನ ಎರಡು ಬೆರಳು ಮಡಚಲ್ಲ ಅಂತ ಓಕ್‌ಬುನ್ ಬರೆದಿದ್ಲು. ಗುಂಡಿಗಳನ್ನ ಎಡಗೈ ಕಡೆಗೆ ಬದಲಾಯಿಸ್ಕೋಬಹುದು ಕಣೋ. ಪಕ್ಕದಲ್ಲಿ ಕೂತು ತೋರಿಸೋಣ ಅಂತ ಬಂದೆ. ಬರೆದು ಹೇಳೋಕೆ ನಂಗೆ ಬರಲ್ಲ." ಬಾತುಕೊಂಡ ಮಣಿಕಟ್ಟನ್ನು ನೋಡಿಕೊಂಡ. "ಭಾನುವಾರ ಬಾಗಿಲಿಗೆ ಯಾರು ಈಗ?"

ಶನಿವಾರ ಕಂಪನಿ ಸೋತಿತು. ಲಾರಿಗೋ, ಹೂಚಕ್ರಕ್ಕೋ, ಅಂತೂ ಬಗ್ಗಿತು. ಹಳೆಯ ಏಟು ವಾಪಸ್ಸು, ಹಳೆಯ ಗುರಾಣಿ ವಾಪಸ್ಸು. ಭಾನುವಾರ ಆಟದಂಗಡಿಯಲ್ಲಿ ಹಬ್ಬದ ಗಲಾಟೆ.

"ಅಣ್ಣ, ಬಂದ್ರಾ?" ಓಕ್‌ಬುನ್ ಬಾಗಿಲಿಗೇ ಓಡಿ ಬಂದಳು. "ಒದ್ದೆಕಾಲುಚೀಲ ನಾಲ್ಕು ದಿನದಿಂದ ಪತ್ತೆ ಇಲ್ಲ. ಇವತ್ತು ಬಾಗಿಲು ನಿಮ್ಮದೇ."

ಹೇಳಬೇಕು ಎಂದು ದಲ್ಸು ಬಾಯಿ ತೆರೆದ. ನಲವತ್ತು ತಲೆಗಳು ಅವನ ಕಡೆ ತಿರುಗಿದ್ದವು, ಅಣ್ಣ ಅಣ್ಣ ಅನ್ನುತ್ತಿದ್ದವು. ಅವನು ಹೋಗಿ ಕೂತ.

ಅವನು ಅಂಥ ಕಾಳಗ ಜನ್ಮದಲ್ಲಿ ಆಡಿರಲಿಲ್ಲ. ಮೊದಲು ನುಗ್ಗಿದವನ ತಲೆಬುರುಡೆಗೆ ಕತ್ತಿ ಬಿತ್ತು, ನಿಂತಿತು, ಸೀಳಿತು. ಎರಡನೆಯವನ ಕತ್ತು. ಮೂರನೆಯವನ ದವಡೆ. ದವಡೆಯಲ್ಲಿ ಕತ್ತಿ ನಿಂತಾಗ ಅವನ ಮುಷ್ಟಿಗೆ ಬುಧವಾರ ನೆನಪಾಯಿತು, ಆದರೂ ಕೈ ನಿಲ್ಲಲಿಲ್ಲ. ಬಾಗಿಲ ಮುಂದೆ ಹೆಣಗಳು ಮೊಣಕಾಲೆತ್ತರ ಬಿದ್ದವು, ಅವನು ಅವುಗಳ ಮೇಲೆ ಹತ್ತಿ ಕಡಿದ. ಪ್ರತಿ ಏಟಿಗೂ ಅದೇ ಖುಷಿ ಬಂತು, ಕರೆಯದೆ ಬಂತು, ಬೇಡವೆಂದರೂ ಬಂತು. ಅವನಿಗೆ ತನ್ನ ಕೈಯ ಬಗ್ಗೆಯೇ ಹೆದರಿಕೆಯಾಯಿತು. ಐದು ಗಂಟೆಗೆ ಕೋಟೆ ಉಳಿದಿತ್ತು.

ಜನ ಅವನ ಬೆನ್ನಿಗೆ ಗುದ್ದಿ ಕುಣಿದರು. ಓಕ್‌ಬುನ್ ಮೊಟ್ಟೆ ಒಡೆದು ಹಾಕಿದ ನೂಡಲ್ಸ್ ತಂದು ಮುಂದಿಟ್ಟಳು. "ಆ ಒದ್ದೆಕಾಲುಚೀಲ ಇದ್ದಿದ್ರೂ ಇಷ್ಟು ಆಗ್ತಿರಲಿಲ್ಲ, ಅಲ್ವಾ ಅಣ್ಣ? ಹೆದರಿ ಓಡಿಹೋಯ್ತೇನೋ ಪ್ರಾಣಿ."

"ಓಡಿಹೋಗಿಲ್ಲ," ಎಂದ ದಲ್ಸು. ದನಿ ತನ್ನದಲ್ಲವೆಂಬಂತಿತ್ತು. "ನಾನೇ ಕರೆಸ್ದೆ. ಮಾತಾಡೋಕೂ ಬಿಡದೆ ಹೊಡೆದೆ. ಮಣಿಕಟ್ಟು ಮುರಿದಿದೆ, ಹಲ್ಲಿನ ಸೆಟ್ಟು ಮುರಿದಿದೆ. ಅವರಿಗೆ ಅರವತ್ತಮೂರು ವರ್ಷ. ನಂಗೆ ಕಲಿಸೋಕೆ ಬಂದಿದ್ರು, ಟಾನಿಕ್ ತಂದಿದ್ರು."

ಯಾರೋ ನಗಲು ಹೋಗಿ ನಿಲ್ಲಿಸಿದರು. ಬೆನ್ನ ಮೇಲಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದವು. ಓಕ್‌ಬುನ್ ಅವನ ಮುಷ್ಟಿಯನ್ನೇ ನೋಡಿದಳು, ಗೆಣ್ಣಿನ ಮೇಲಿದ್ದ ಒಣಗಿದ ಗಾಯವನ್ನು.

"ಯಾವ ಆಸ್ಪತ್ರೇಲಿದಾರೆ?"

ದಲ್ಸು ಹೇಳಿದ. ಅವಳು ಏಪ್ರನ್ ಬಿಚ್ಚಿ ಕೋಟು ಹಾಕಿಕೊಂಡಳು. ಅವನೂ ಎದ್ದು ನಿಂತ, ಜೊತೆಗೆ ಹೋಗೋಣವೆಂದು.

"ಮಾ ದಲ್ಸು ಅವರೇ," ಎಂದಳು ಅವಳು, ಮೆತ್ತಗೆ, "ನೀವು ಬರಬೇಡಿ."

ಹದಿನಾರು ವರ್ಷದಲ್ಲಿ ಅವಳು ಅವನನ್ನು ಅಣ್ಣ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಹೋದ ಮೇಲೆ ದಲ್ಸು ಅಲ್ಲೇ ನಿಂತಿದ್ದ. ಕೂತ್ಕೊಳ್ಳಿ ಅಣ್ಣ ಎಂದು ಯಾರೂ ಅನ್ನಲಿಲ್ಲ.