ಚಳಿಗೆ ಮೊದಲೇ ಹೊರಡುತ್ತಿದ್ದ ವೈನಿ

ನಾವೀಗ ಇರುವ ಶಂಶಾಬಾದಿನ ಅಪಾರ್ಟ್‌ಮೆಂಟಿನ ಹಿಂದೆ ಇನ್ನೊಂದು ಕಟ್ಟಡ ಏಳುತ್ತಿದೆ. ಅದರ ಕೂಲಿಯವರಿಗೆಂದು ಕಾಂಪೌಂಡಿಗೆ ಹತ್ತಿಕೊಂಡೇ ತಗಡಿನ ಶೆಡ್ಡು ಹಾಕಿದ್ದಾರೆ. ಮೊನ್ನೆ ಬೆಳಿಗ್ಗೆ ವಾಕಿಂಗಿಗೆ ಹೋದವಳು ಚಪ್ಪಲಿಯೊಳಗಿನ ಕಲ್ಲು ತೆಗೆಯಲು ನಿಂತು, ಆಸರೆಗೆ ಆ ತಗಡಿನ ಮೇಲೆ ಕೈ ಇಟ್ಟೆ. ಅಂಗೈ ಸೆಟೆದುಹೋಗುವಷ್ಟು ತಣ್ಣಗಿತ್ತು. ಇಬ್ಬನಿ ಮುಂಗೈವರೆಗೆ ಇಳಿಯಿತು. ಒಳಗೆ ಯಾವುದೋ ಕೂಸು ಕೆಮ್ಮುತ್ತಿತ್ತು. ನಾಚಾರಂನ ವೈನಿ ಮತ್ತೆ ನೆನಪಾದರು…

ನಾಚಾರಂನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಬಾಡಿಗೆ ಮನೆಗಳು. ಅವರ ಯಜಮಾನರು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಇದ್ದರು. ಅವರನ್ನು ನಾವು ಅಣ್ಣಾರು ಎನ್ನುತ್ತಿದ್ದೆವು, ಹಾಗಾಗಿ ಇವರು ವೈನಿ, ಅಂದರೆ ಅತ್ತಿಗೆ. ನಾನು ಆಗ ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೆ. ಊರೆಲ್ಲ ಗಾಜಿನ ಕಟ್ಟಡಗಳ ಮಾತು, ಪ್ಲಾಟುಗಳ ಮಾತು. ನಮ್ಮ ಗಲ್ಲಿಯಲ್ಲಿ ಮಾತ್ರ ಸಂಜೆ ಹೊತ್ತು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ವೈನಿಯ ತವರು ರಾಯಚೂರಿನ ಕಡೆ, ಕೃಷ್ಣಾ ದಂಡೆಯ ಒಂದು ಸಣ್ಣ ಹಳ್ಳಿ. ಒಂದು ವರ್ಷ ಮಳೆಗಾಲ ಮುಗಿಯಿತು ಎನ್ನುವಾಗ ಹೊಳೆ ಬಂದು ಊರನ್ನೇ ತೊಳೆದುಕೊಂಡು ಹೋಯಿತು. ಜನ ಜೀವ ಉಳಿಸಿಕೊಂಡು ದಿಬ್ಬ ಹತ್ತಿದರು. ಮಣ್ಣಿನ ಮನೆಗಳು ಉಳಿಯಲಿಲ್ಲ. ದಿಬ್ಬದ ಮೇಲೆ ಸಾಲಾಗಿ ತಗಡಿನ ಶೆಡ್ಡುಗಳು ಎದ್ದವು.

ನಮ್ಮ ಆಫೀಸಿನವರೂ ಡಬ್ಬಗಟ್ಟಲೆ ಬಟ್ಟೆ ಕೊಟ್ಟರು. ಜೀನ್ಸು, ಕೋಟು, ಮದುವೆಯಲ್ಲಿ ಒಮ್ಮೆ ಉಟ್ಟು ಬಿಟ್ಟ ಲೆಹಂಗಾ, ಕಂಪನಿಯ ಗುರುತಿದ್ದ ಟೀ ಶರ್ಟುಗಳ ರಾಶಿ. ಲಾರಿ ಹೋಯಿತು, ಫೋಟೋ ಬಂತು, ದೀಪಾವಳಿ ಹೊತ್ತಿಗೆ ಎಲ್ಲರೂ ಮರೆತರು. ನಾನೂ ಎಲ್ಲರಂತೆಯೇ ಇದ್ದೆ.

ಆ ಚಳಿಗಾಲದಲ್ಲೇ ವೈನಿಯ ತಾಯಿ ಶೆಡ್ಡಿನಲ್ಲಿ ತೀರಿಕೊಂಡರು. ಹೊಳೆಯ ಗಾಳಿ ನೇರ ಬಡಿಯುತ್ತಿತ್ತಂತೆ. ತಗಡಿನ ಒಳಮೈಗೆ ಕಟ್ಟಿದ ಇಬ್ಬನಿ ಬೆಳಗಿನ ಜಾವ ಹನಿ ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತಿತ್ತಂತೆ. ಕೆಮ್ಮು ಎದೆಗೆ ಇಳಿಯಿತು. ಮಣ್ಣು ಮುಗಿಸಿ ಬಂದ ವೈನಿ ನಮ್ಮ ಕಟ್ಟೆ ಮೇಲೆ ಕೂತು, "ಹೊಳಿ ಬಿಟ್ಟಿತ್ತು ತಂಗಿ ನಮ್ಮವ್ವನ್ನ. ಥಂಡಿ ಬಿಡಲಿಲ್ಲ ನೋಡು" ಅಂದರು. ಅತ್ತಿದ್ದು ನಾನು ನೋಡಲಿಲ್ಲ.

ಮರುವರ್ಷ ಮಳೆ ನಿಲ್ಲುತ್ತಲೇ ಅವರ ಓಡಾಟ ಶುರುವಾಯಿತು. ಶನಿವಾರ ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ರಾಯಚೂರು ಬಸ್ಸು ಹತ್ತುವುದು, ಮಂಗಳವಾರವೋ ಬುಧವಾರವೋ ಕಾಲು ಬಾತುಕೊಂಡು ವಾಪಸಾಗುವುದು. ಒಮ್ಮೆ ಹಳೆ ಸೀರೆಗಳ ಗಂಟುಗಳು ಹೆಚ್ಚಾದವೆಂದು ನಾನೂ ಜೊತೆಗೆ ಹೋದೆ.

ಅಂದು ಶೆಡ್ಡುಗಳ ನಡುವಿನ ಬಯಲಲ್ಲಿ ಊರವರು ಸೇರಿದ್ದರು. ತೊಗರಿ ಕಟ್ಟಿಗೆ ನೇಯ್ದು, ಮಣ್ಣು ಮೆತ್ತಿ, ಗಾಳಿ ಬರುವ ಕಡೆಗೆಲ್ಲ ಗೋಡೆ ಎಬ್ಬಿಸಬೇಕು, ತಗಡಿನ ಕೆಳಗೆ ಜೋಳದ ಕಣಿಕೆ ಕಟ್ಟಬೇಕು ಎಂಬ ಮಾತು ನಡೆದಿತ್ತು. ಊರ ಹಿರಿಯರೊಬ್ಬರು ಸಿಟ್ಟಾದರು.

"ಸರಕಾರ ಮನಿ ಕಟ್ಟಿಕೊಡತೀನಿ ಅಂದೈತಿ. ಇಂದಿಲ್ಲ ನಾಳೆ ಬಿಡೂ ಶೆಡ್ಡಿಗೆ ಯಾಕ ಮೈ ಮುರದು ದುಡೀಬೇಕು? ಗ್ವಾಡಿ ಕಟಗೊಂಡ್ರ, ಇವರು ಆರಾಮ ಅದಾರಂತ ಹೇಳಿ ಮನಿ ಕೊಡೋದನ್ನ ಬಿಟ್ಟಾರು!"

ಅವರ ಭಯ ಸುಳ್ಳಲ್ಲ. ವೈನಿ ಕೂತಲ್ಲಿಂದಲೇ ಹೇಳಿದರು: "ಕಾಕಾ, ಸರಕಾರ ಬರತೈತಿ, ನಾ ಇಲ್ಲ ಅನ್ನಂಗಿಲ್ರಿ. ಆದ್ರ ಚಳಿ ಅದಕ್ಕಿಂತ ಮೊದಲ ಬರತೈತಿ."

ಮೊದಲು ಎದ್ದವಳು ಕೈಗೂಸಿನ ಒಬ್ಬ ತಾಯಿ. ಕೂಸನ್ನು ಪಕ್ಕದವಳ ಮಡಿಲಿಗೆ ಹಾಕಿ ಮಣ್ಣು ಕಲಸಲು ಹೋದಳು. ಆಮೇಲೆ ಒಬ್ಬೊಬ್ಬರಾಗಿ… ಮೊದಲ ಗೋಡೆ ಎದ್ದಿದ್ದು ಬೇಡ ಎಂದ ಆ ಹಿರಿಯರ ಶೆಡ್ಡಿಗೇ. ಅವರ ಹೆಂಡತಿಗೆ ಉಬ್ಬಸವಿತ್ತು.

ಆಫೀಸುಗಳಿಂದ ಬಂದ ಬಟ್ಟೆಗಳೂ ಒಂದು ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದವು. ಹೆಂಗಸರು ಅವನ್ನೆಲ್ಲ ಕತ್ತರಿಸಿ, ಹಳೆ ಸೀರೆಗಳ ನಡುವೆ ಇಟ್ಟು ಕೌದಿ ಹೊಲಿಯತೊಡಗಿದರು. ಮಾದಾಪುರದ ಅರ್ಧ ಕಂಪನಿಗಳ ಗುರುತು ಆ ಕೌದಿಗಳ ಮೇಲಿತ್ತು. ಒಂಟಿಯಾಗಿದ್ದ ಮುದುಕಿಯರು ಚಳಿ ಮುಗಿಯುವವರೆಗೆ ಯಾರ ಶೆಡ್ಡಿನಲ್ಲಿ ಮಲಗಬೇಕು ಎಂದು ಜಗಳ ಮಾಡಿಕೊಂಡೇ ತೀರ್ಮಾನಿಸಿದರು. ಕುಳ್ಳು, ಕಟ್ಟಿಗೆ ಒಂದೆಡೆ ಒಟ್ಟಿದರು. ಆ ಚಳಿಗಾಲದಲ್ಲಿ ಕೆಮ್ಮು, ಜ್ವರ ಬಂದವು. ಆದರೆ ದಿಬ್ಬದಿಂದ ಯಾರನ್ನೂ ಹೊತ್ತುಕೊಂಡು ಇಳಿಯಬೇಕಾಗಲಿಲ್ಲ.

ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಮರು ಮಳೆಗೆ ಮಣ್ಣು ಕರಗಿತು, ಮತ್ತೆ ಮೆತ್ತಬೇಕಾಯಿತು. ಸರ್ಕಾರದ ಮನೆಗಳ ಕೆಲಸ ಶುರುವಾಗಿ ಅರ್ಧಕ್ಕೆ ನಿಂತಿತು, ಮತ್ತೆ ಕಚೇರಿಗಳಿಗೆ ಅಲೆಯಬೇಕಾಯಿತು. ವರ್ಷ ವರ್ಷವೂ ಚಳಿಗೆ ಮೊದಲು ವೈನಿ ಹೊರಡುತ್ತಿದ್ದರು. ಅಣ್ಣಾರು ತಡೆಯುತ್ತಿರಲಿಲ್ಲ. ಡ್ಯೂಟಿಯಿಂದ ಬಂದು ಒಬ್ಬರೇ ಅನ್ನಕ್ಕಿಟ್ಟು, ರೇಡಿಯೊ ಹಚ್ಚಿಕೊಂಡು ಕೂರುತ್ತಿದ್ದರು. ಗೋಡೆಯಾಚೆ ಆ ಸದ್ದು ಕೇಳುವಾಗ ನನಗೆ ಯಾರಿಗಾಗಿ ಮರುಕಪಡಬೇಕೋ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ವೈನಿ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. "ಸಾಕಾಗೇತಿ ತಂಗಿ. 'ಇನ್ನ ನೀ ಬರಬ್ಯಾಡ, ನಾವು ನೋಡಕೋತೀವಿ' ಅಂತ ಯಾರರ ಒಬ್ಬರು ಅಂದ್ರ ಎಷ್ಟ ಚೊಲೊ ಇತ್ತು. ಒಬ್ಬರೂ ಅನವಲ್ಲರು."

"ನೀವೇ ಹೋಗಬ್ಯಾಡ್ರಿ ವೈನಿ."

"ಹೋಗಲಿಲ್ಲಂದ್ರ ಇಲ್ಲಿ ಮಲಕೊಂಡು ಏನು ಮಾಡ್ಲಿ? ಹಾಸಿಗಿ ಬೆಚ್ಚಗಿದ್ರ ನಿದ್ದಿ ಹತ್ತಂಗಿಲ್ಲ ನನಗ."

ಕೊನೆಗೆ ಮನೆಗಳಾದವು. ಗೋಡೆ ಬಿರುಕು, ಕದ ಸೊಟ್ಟ, ಆದರೂ ತಲೆಯ ಮೇಲೆ ಗಟ್ಟಿ ಸೂರು. ಅಷ್ಟರಲ್ಲಿ ವೈನಿಯ ಹೃದಯ ಸೋತಿತ್ತು. ಮೆಟ್ಟಿಲು ಹತ್ತಲಾಗದು, ಬಸ್ಸಂತೂ ದೂರದ ಮಾತು. ಮನೆಯೊಕ್ಕಲಿಗೂ ಹೋಗಲಾಗಲಿಲ್ಲ. ಮುಂದಿನ ಚಳಿಗೆ ಮೊದಲೇ, ಒಂದು ಮಧ್ಯಾಹ್ನ, ಊಟಕ್ಕೆ ಕೂತವರು ಹಾಗೇ ಒರಗಿದರು…

ಸುದ್ದಿ ತಿಳಿದು ಊರವರು ಬಾಡಿಗೆ ಟೆಂಪೊ ಮಾಡಿಕೊಂಡು ಬಂದರು. ನಮ್ಮ ಗಲ್ಲಿ ತುಂಬಿತು. ಗೋಡೆ ಬೇಡ ಎಂದಿದ್ದ ಆ ಹಿರಿಯರು ಅಣ್ಣಾರ ಮುಂದೆ ಕೈ ಮುಗಿದು ನಿಂತರು.

"ಒಂದ ಕೇಳಾಕ ಬಂದೀವ್ರಿ. ನಮ್ಮ ಮಗಳನ್ನ ನಮ್ಮೂರಿಗೆ ಕೊಡ್ರಿ. ದಿಬ್ಬದ ಮ್ಯಾಲ ಜಾಗಾ ನೋಡೀವಿ. ಊರ ಮುಂದ ಮಣ್ಣು ಮಾಡತೀವ್ರಿ."

ಅಣ್ಣಾರು ಹೆಂಡತಿಯ ಹಣೆಯ ಮೇಲಿನ ಕೂದಲು ಸರಿಸಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು: "ಇರೂತನಕ ನಿಮಗ ಕೊಟ್ಟಿದ್ದೆ. ಇನ್ನರ ನನ್ನ ಹತ್ತರ ಇರಲಿ ಬಿಡ್ರಿ."

ಆ ಹಿರಿಯರು ನೆಲಕ್ಕೆ ಕುಸಿದು ಕೂತು ಗಟ್ಟಿಯಾಗಿ ಅತ್ತರು. ಊರಿನ ಗಂಡಸರೇ ಹೆಗಲು ಕೊಟ್ಟರು. ವೈನಿ ನಾಚಾರಂ ಆಚೆಯ ರುದ್ರಭೂಮಿಯಲ್ಲಿ ಮಣ್ಣಾದರು. ನಿವೃತ್ತಿಯ ನಂತರವೂ ಅಣ್ಣಾರು ಆ ಬಾಡಿಗೆ ಮನೆ ಬಿಡಲಿಲ್ಲ. ಸೋಮವಾರ ಸೋಮವಾರ ರುದ್ರಭೂಮಿಗೆ ನಡೆದುಹೋಗಿ ಕೂತು ಬರುತ್ತಿದ್ದರು, ತಾವೂ ಹೋಗುವವರೆಗೆ.

ಹೋದ ಮಳೆಗಾಲದಲ್ಲಿ ಹೊಳೆ ಮತ್ತೆ ತುಂಬಿದ ಸುದ್ದಿ ಟಿವಿಯಲ್ಲಿ ಬಂದಾಗ, ಅದೇ ಊರಲ್ಲಿರುವ ವೈನಿಯ ತಮ್ಮನ ಹೆಂಡತಿಗೆ ಫೋನ್ ಮಾಡಿದ್ದೆ.

"ಏನೂ ಕಾಳಜಿ ಮಾಡಬ್ಯಾಡ್ರಿ ಅಕ್ಕಾರ, ನಾವೆಲ್ಲಾ ಮ್ಯಾಲ ಅದೀವಿ. ಕುಳ್ಳು, ಕಟಗಿ ಒಳಗ ಇಟ್ಟೀವಿ. ಕೆಳಗಿನ ಊರವರೂ ನಮ್ಮಲ್ಲೇ ಬಂದಾರ, ಅವರಿಗೂ ಕೌದಿ ತಗದು ಕೊಟ್ಟೀವಿ" ಎಂದಳು. ಸ್ವಲ್ಪ ತಡೆದು, "ನಮ್ಮ ಅಕ್ಕ ಇದ್ದಿದ್ರ ಇಷ್ಟೊತ್ತಿಗೆ ಬಸ್ಸಿನ್ಯಾಗ ಇರತಿದ್ರು ನೋಡ್ರಿ" ಎಂದಳು.